ಎತ್ತರದ ಬಿಲ್ಡಿಂಗ್‌ಗಳ ಮಧ್ಯೆ ಜಿಪಿಎಸ್ ಯಾಕೆ ದಾರಿ ತಪ್ಪುತ್ತೆ?

ಪ್ರಶ್ನೆ: ಸರ್, ಎರಡೂ ಕಡೆ ಎತ್ತರದ ಬಿಲ್ಡಿಂಗ್ ಇರೋ ರಸ್ತೇಲಿ ಹೋಗ್ವಾಗ ಮ್ಯಾಪ್‌ನಲ್ಲಿರೋ ನೀಲಿ ಚುಕ್ಕೆ ಪಕ್ಕದ ರಸ್ತೆಗೆ ಹಾರಿಬಿಡುತ್ತೆ. ಸ್ಯಾಟಲೈಟ್ ತೋರ್ಸೋ ಆಪ್ ಹಾಕಿ ನೋಡಿದ್ರೆ ಬೇಕಾದಷ್ಟು ಸ್ಯಾಟಲೈಟ್ ಸಿಗ್ತಿದೆ. ಫೋನ್ ಹಾಳಾಗಿದ್ಯಾ, ಹೊಸದು ತಗೋಬೇಕಾ?

ಉತ್ತರ: ಫೋನ್ ಹಾಳಾಗಿಲ್ಲ. ಎಷ್ಟು ಸ್ಯಾಟಲೈಟ್ ಸಿಗ್ತಿದೆ ಅನ್ನೋದಕ್ಕಿಂತ ಅದ್ರಲ್ಲಿ ಎಷ್ಟರ ಸಿಗ್ನಲ್ ನೇರವಾಗಿ ಬರ್ತಿದೆ ಅನ್ನೋದೇ ಮುಖ್ಯ, ಅದನ್ನ ಆ ಆಪ್ ಹೇಳಲ್ಲ. ಜಿಪಿಎಸ್ ಸ್ಯಾಟಲೈಟ್‌ಗಳು ಇರೋದು ಸುಮಾರು 20,200 ಕಿಲೋಮೀಟರ್ ಮೇಲೆ, ಅಲ್ಲಿಂದ ಸಿಗ್ನಲ್ ಬರೋಕೆ ಹಿಡಿದ ಟೈಮ್ ನೋಡಿ ಫೋನು ದೂರ ಲೆಕ್ಕ ಹಾಕುತ್ತೆ, ಈ ಟೈಮಲ್ಲಿ ಸೆಕೆಂಡಿನ ಒಂದು ಕೋಟಿ ಭಾಗದಲ್ಲಿ ಒಂದು ಭಾಗ ಹೆಚ್ಚುಕಮ್ಮಿ ಆದ್ರೂ ದೂರದಲ್ಲಿ 30 ಮೀಟರ್ ವ್ಯತ್ಯಾಸ ಬಂದ್ಬಿಡುತ್ತೆ. ಈಗ ಎದುರಿನ ಗಾಜಿನ ಬಿಲ್ಡಿಂಗ್‌ಗೆ ಬಡಿದು ಬರೋ ಸಿಗ್ನಲ್ ಸುತ್ತಿ ಬರುತ್ತೆ ಅಲ್ವಾ, ಫೋನು ಅದನ್ನೇ ನೇರವಾಗಿ ಬಂದಿದ್ದು ಅನ್ಕೊಂಡು ಸ್ಯಾಟಲೈಟ್ ಇನ್ನೂ ದೂರ ಇದೆ ಅಂತ ಲೆಕ್ಕ ಹಾಕುತ್ತೆ. ನೇರ ಸಿಗ್ನಲ್ ಪೂರ್ತಿ ಅಡ್ಡಗಟ್ಟಿ ಹೋಗಿ ಬರೀ ಬಡಿದು ಬಂದಿದ್ದೇ ಸಿಕ್ಕಿದ್ರಂತೂ ಇನ್ನೂ ಕಷ್ಟ, ಯಾಕಂದ್ರೆ ಹೋಲಿಸಿ ನೋಡೋಕೆ ಸರಿಯಾದದ್ದೇ ಇರಲ್ಲ.

ಪಕ್ಕದ ರಸ್ತೆಗೇ ಯಾಕೆ ಹಾರುತ್ತೆ ಅಂದ್ರೆ, ಅಂಥ ರಸ್ತೇಲಿ ಆಕಾಶ ಕಾಣೋದು ಮುಂದೆ, ಹಿಂದೆ ಮತ್ತೆ ನೆತ್ತಿ ಮೇಲೆ ಮಾತ್ರ, ಎಡ ಬಲ ಎರಡೂ ಮುಚ್ಚಿರುತ್ತೆ. ಹಾಗಾಗಿ ರಸ್ತೆ ಉದ್ದಕ್ಕೆ ಲೆಕ್ಕ ಸುಮಾರಾಗಿ ಸರಿ ಬರುತ್ತೆ, ಅಡ್ಡಕ್ಕೆ ತಪ್ಪುತ್ತೆ. ಅದರ ಮೇಲೆ ಮ್ಯಾಪ್ ಆಪು ಹತ್ರ ಇರೋ ರಸ್ತೆಗೆ ಚುಕ್ಕೇನ ಎಳೆದು ಕೂರಿಸುತ್ತೆ, ಅಲ್ಲಿಗೆ ನೀವು ಪಕ್ಕದ ರಸ್ತೇಲಿದ್ದೀರ ಅಂತಾಯ್ತು.

ಹೊಸ ಫೋನ್ ತಗೊಳೋದೇ ಆದ್ರೆ ಎಲ್1 ಜೊತೆ ಎಲ್5 ಕೂಡ ಇದ್ಯಾ ನೋಡಿ, ಇವೆರಡೂ ಜಿಪಿಎಸ್ ಸ್ಯಾಟಲೈಟ್‌ಗಳು ಸಿಗ್ನಲ್ ಕಳಿಸೋ ಬೇರೆ ಬೇರೆ ಫ್ರೀಕ್ವೆನ್ಸಿಗಳು. 2018ರಲ್ಲಿ ಶಿಯೋಮಿ ಮಿ 8ರಿಂದ ಫೋನ್‌ಗಳಲ್ಲಿ ಇದು ಶುರುವಾಯ್ತು. ಫೋನು ಟೈಮ್ ಅಳೆಯೋದು ಸಿಗ್ನಲ್‌ನಲ್ಲಿರೋ ಕೋಡ್ ನೋಡಿ, ಎಲ್5ನ ಕೋಡ್ ಮಾಮೂಲಿ ಎಲ್1 ಕೋಡಿಗಿಂತ ಹತ್ತು ಪಟ್ಟು ಬೇಗ ಬೇಗ ಬದಲಾಗುತ್ತೆ, ಅದರಿಂದ ನೇರ ಬಂದಿದ್ದು ಯಾವ್ದು, ಬಡಿದು ಬಂದಿದ್ದು ಯಾವ್ದು ಅಂತ ಬೇರೆ ಮಾಡೋದು ಸುಲಭ. ಆದ್ರೆ ನೇರ ಸಿಗ್ನಲ್ಲೇ ಇಲ್ದಿದ್ರೆ ಎಲ್5 ಕೂಡ ಏನೂ ಮಾಡಕ್ಕಾಗಲ್ಲ, ಅದಕ್ಕೆ ಬರೀ ಈ ಒಂದು ಕಾರಣಕ್ಕೆ ಇರೋ ಫೋನ್ ಬಿಸಾಕ್ಬೇಡಿ ಅಂತೀನಿ. ಫೋನನ್ನ ಬ್ಯಾಗಲ್ಲಿಡದೆ ಆಕಾಶ ಕಾಣೋ ಹಾಗೆ ಇಡಿ. ನಿಂತಲ್ಲೇ ಚುಕ್ಕೆ ಅಲೆದಾಡ್ತಿದ್ರೆ ಗೋಡೆ ಪಕ್ಕ ಕಾಯೋ ಬದಲು ದೊಡ್ಡ ಸರ್ಕಲ್ ತನಕ ನಡೀರಿ, ಅಲ್ಲಿ ನಾಲ್ಕೂ ಕಡೆ ಆಕಾಶ ಸಿಗೋದ್ರಿಂದ ಚುಕ್ಕೆ ಸಾಮಾನ್ಯವಾಗಿ ಜಾಗಕ್ಕೆ ಬರುತ್ತೆ.

ಪ್ರಶ್ನೆ: ಮೋಡ ಮಳೆ ಇದ್ರೆ ಜಿಪಿಎಸ್ ಕೆಡುತ್ತಾ?

ಉತ್ತರ: ಇಲ್ಲ, ಈ ಫ್ರೀಕ್ವೆನ್ಸಿಗೆ ಮೋಡ ಮಳೆ ಲೆಕ್ಕಕ್ಕೇ ಇಲ್ಲ. ದಟ್ಟವಾದ ಮರದ ಕೆಳಗೆ, ಅದೂ ಎಲೆ ಒದ್ದೆಯಾಗಿದ್ರೆ, ಸಿಗ್ನಲ್ ಸ್ವಲ್ಪ ಇಳಿಯುತ್ತೆ ಅಷ್ಟೆ.