ಪ್ರತಿಕ್ರಿಯೆ: ಬಡ ಮಕ್ಕಳು ಅಲ್ಲಿ ದಪ್ಪ, ಇಲ್ಲಿ ಸಣಕಲು ಯಾಕೆ?

ಇಂಗ್ಲೆಂಡಿನಲ್ಲಿ ಬಡ ಮಕ್ಕಳೇ ಜಾಸ್ತಿ ದಪ್ಪ ಅಂತಾರೆ, ನಮ್ಮ ಕೊಡಗಿನ ಕಾಫಿ ತೋಟದ ಕಾರ್ಮಿಕರ ಲೈನ್ ಮನೆ ಮಕ್ಕಳು ಸಣಕಲು, ಇದ್ಯಾಕೆ ಉಲ್ಟಾ ಅಂತ ಕೇಳಿದ್ದೀರಿ. ನನ್ನ ಪ್ರಕಾರ ಉಲ್ಟಾ ಅಲ್ಲ, ಅದೇ ದಾರಿಯಲ್ಲಿ ನಾವು ಸ್ವಲ್ಪ ಹಿಂದೆ ಇದ್ದೇವೆ ಅಷ್ಟೇ.

ಇಂಗ್ಲೆಂಡಿನಲ್ಲಿ 4-5ರ ವಯಸ್ಸಿನಲ್ಲಿ ಒಮ್ಮೆ, 10-11ರ ವಯಸ್ಸಿನಲ್ಲಿ ಇನ್ನೊಮ್ಮೆ ಶಾಲೆಯಲ್ಲೇ ಮಕ್ಕಳ ತೂಕ, ಎತ್ತರ ಅಳೆಯುತ್ತಾರೆ. ತೀರಾ ಬಡ ಪ್ರದೇಶಗಳಲ್ಲಿ ಬೊಜ್ಜಿನ ಪ್ರಮಾಣ ಅನುಕೂಲಸ್ಥ ಪ್ರದೇಶಗಳಿಗಿಂತ ಎರಡು ಪಟ್ಟಿಗೂ ಹೆಚ್ಚು. ಸೋಮಾರಿತನ ಅಂತ ಸುಮ್ನೆ ಬೈಯುವುದು ಸುಲಭ. ಅಗ್ಗಕ್ಕೆ ಹೊಟ್ಟೆ ತುಂಬಿಸುವುದು ಎಣ್ಣೆ, ಸಕ್ಕರೆ, ಮೈದಾ, ಅಲ್ವಾ?

ನಮ್ಮಲ್ಲೂ ಅದೇ ಶುರುವಾಗಿದೆ, ಕೊಡಗಿನ ಸಿದ್ದಾಪುರ ಕಡೆಯ ಯಾವುದಾದರೂ ಗೂಡಂಗಡಿ ನೋಡಿ. ಬಾಗಿಲಲ್ಲೇ ಐದು ರೂಪಾಯಿ ಚಿಪ್ಸಿನ ಮಾಲೆ, ಮೊಟ್ಟೆಗೆ ಅದಕ್ಕಿಂತ ಜಾಸ್ತಿ. ಅಮ್ಮ ತೋಟದಿಂದ ಬರುವಷ್ಟರಲ್ಲಿ ಮಗು ಹಸಿದು ಎರಡು ಪ್ಯಾಕೆಟ್ ಮುಗಿಸಿರುತ್ತದೆ, ಆಟಕ್ಕೆ ಬಿಡೋಣ ಅಂದರೆ ಆನೆ ಕಾಟ, ಜೂನ್ ಬಂತೆಂದರೆ ಬಿಡದ ಮಳೆ, ಉಳಿಯುವುದು ಮೊಬೈಲ್ ಒಂದೇ.

ಹೊಟ್ಟೆಯಲ್ಲಿದ್ದಾಗ ಪೋಷಣೆ ಸಾಲದ ಮಗು ಮುಂದೆ ಇಂಥ ತಿಂಡಿಗೆ ಬಿದ್ದರೆ ಬೊಜ್ಜು, ಸಕ್ಕರೆ ಕಾಯಿಲೆಯ ಅಪಾಯ ಇನ್ನೂ ಜಾಸ್ತಿ. ದೇಶದಲ್ಲಿ 5 ವರ್ಷದೊಳಗಿನ ಮಕ್ಕಳ ಅತಿತೂಕ 2015-16ರ ಆರೋಗ್ಯ ಸಮೀಕ್ಷೆಯಲ್ಲಿ ಶೇ 2.1 ಇತ್ತು, 2019-21ರಲ್ಲಿ ಶೇ 3.4 ಆಯಿತು. ಸದ್ಯಕ್ಕೆ ಇಲ್ಲಿ ಬೊಜ್ಜು ಉಳ್ಳವರ ಮನೆಯಲ್ಲೇ ಹೆಚ್ಚು, ನಿಜ.

ನಿಮ್ಮ ತೋಟದ ಮಕ್ಕಳಿಗೆ ಏನಾದರೂ ಮಾಡಬೇಕು ಅಂತಿದ್ದರೆ ಭಾಷಣ ಬೇಡ. ಸಂಜೆ ಬೇಯಿಸಿದ ಕಡಲೆ, ಬಾಳೆಹಣ್ಣು ಕೊಡಿ, ಕಾಫಿ ಕಣದ ಪಕ್ಕ ಬೇಲಿ ಹಾಕಿ ಆಡಲು ಜಾಗ ಬಿಡಿ.