ಉಪ್ಪು ಬಿಡಿಸುವ ಮೊದಲು ಮಾತ್ರೆಯ ಹೆಸರು ನೋಡಿ

ಓದುಗರ ಪ್ರಶ್ನೆಗಳಿಗೆ ಶಿವಮೊಗ್ಗದ ಮನೋವೈದ್ಯರೊಬ್ಬರ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಕೇಳುವುದು ಒಂದೇ: "ಏನು ತಿಂದರೆ ಮನಸ್ಸು ಸರಿಹೋಗುತ್ತೆ?" ಸಾಗರದವರು, ಕೊಪ್ಪದವರು, ಭದ್ರಾವತಿಯವರು, ಎಲ್ಲರೂ ನೋಡಿರುವ ವಿಡಿಯೋಗಳೂ ಹೆಚ್ಚುಕಡಿಮೆ ಅವೇ ಇರಬೇಕು. ಉತ್ತರ ಕೊಟ್ಟ ಮೇಲೂ "ಹಾಗಾದರೆ ಮಾತ್ರೆ ಬಿಡಬಹುದಾ ಡಾಕ್ಟ್ರೇ?" ಎಂಬ ಎರಡನೇ ಪತ್ರ ಬರುತ್ತದೆ. ಖಿನ್ನತೆ ಎಂದರೇನು, ಬೈಪೋಲಾರ್ ಎಂದರೇನು ಎಂದು ಇಲ್ಲಿ ಮತ್ತೆ ಬರೆಯುವುದಿಲ್ಲ. ಒಂದು ಪತ್ರಕ್ಕೆ ಜಾಗ ಹೆಚ್ಚು ಬೇಕು, ಅದನ್ನೇ ಮೊದಲು ತೆಗೆದುಕೊಳ್ಳುತ್ತೇನೆ.

ಪ್ರಶ್ನೆ: ನಮ್ಮ ಯಜಮಾನರಿಗೆ 47 ವರ್ಷ. ಹೊಸನಗರ ತಾಲ್ಲೂಕು, ಅಡಿಕೆ ತೋಟ ಇದೆ. ಬೈಪೋಲಾರ್ ಕಾಯಿಲೆಗೆ ಎಂಟು ವರ್ಷದಿಂದ ಲಿಥಿಯಂ ಮಾತ್ರೆ ತಗೊಳ್ತಾರೆ, ಚೆನ್ನಾಗಿದ್ದರು. ಹೋದ ತಿಂಗಳು ಒಂದು ಆಹಾರ ಶಿಬಿರಕ್ಕೆ ಹೋಗಿದ್ವಿ. ಎಲ್ಲಾ ಕಾಯಿಲೆಗೂ ಹೊಟ್ಟೆಯೇ ಮೂಲ, ಉಪ್ಪು, ಕಾಫಿ, ಈರುಳ್ಳಿ, ಬೆಳ್ಳುಳ್ಳಿ ಬಿಡಿ, ಬೆಳಿಗ್ಗೆ ಬೂದುಗುಂಬಳದ ರಸ, ಮಧ್ಯಾಹ್ನ ಹಸಿ ತರಕಾರಿ, ಮೂರು ತಿಂಗಳಲ್ಲಿ ಮಾತ್ರೆ ತಾನಾಗೇ ಬಿಟ್ಟುಹೋಗುತ್ತೆ ಅಂದರು. ಮಾತ್ರೆ ಇನ್ನೂ ನಿಲ್ಲಿಸಿಲ್ಲ. ಉಪ್ಪು ಬಿಟ್ಟು ಮೂರು ವಾರವಾಯ್ತು. ಈಗ ಕೈ ನಡುಗಿ ಲೋಟ ಹಿಡಿಯೋಕಾಗಲ್ಲ, ವಾಂತಿ, ಭೇದಿ ಬೇರೆ. ಶಿಬಿರದವರಿಗೆ ಫೋನ್ ಮಾಡಿದರೆ, ವಿಷ ಹೊರಗೆ ಹೋಗ್ತಿದೆ, ಹೆದರಬೇಡಿ ಅಂತಾರೆ. ನಮ್ಮತ್ತೆ, ನಿನ್ನ ಕೈ ಅಡುಗೆಯಿಂದಲೇ ಮಗನಿಗೆ ಹೀಗಾಯ್ತು ಅಂತಾರೆ. ನಿಜವೇ?

ಉತ್ತರ: ವಿಷ ಹೊರಗೆ ಹೋಗುತ್ತಿಲ್ಲ ತಾಯಿ, ಒಳಗೆ ಸೇರುತ್ತಿದೆ. ಪತ್ರ ಓದಿದ ಕೂಡಲೇ ಅದರಲ್ಲಿದ್ದ ನಂಬರಿಗೆ ಫೋನ್ ಮಾಡಿ, ಅವತ್ತೇ ಆಸ್ಪತ್ರೆಗೆ ಕರೆದೊಯ್ಯಿರಿ, ಡಾಕ್ಟರ್ ಹೇಳುವವರೆಗೆ ಮುಂದಿನ ಡೋಸ್ ಕೊಡಬೇಡಿ ಎಂದು ನಿಮಗೆ ಹೇಳಿದ್ದೇನೆ. ಪತ್ರಿಕೆಯಲ್ಲಿ ಉತ್ತರ ಬರಲಿ ಎಂದು ಕಾಯುವಂಥ ಪ್ರಶ್ನೆ ಇದಲ್ಲ. ಇನ್ನು ಬರೆಯುವುದೆಲ್ಲ ಇದೇ ಮಾತ್ರೆ ನುಂಗುವ ಉಳಿದವರಿಗೂ, ಅವರ ಮನೆಯಲ್ಲಿ ಒಲೆಯ ಮುಂದೆ ನಿಲ್ಲುವವರಿಗೂ.

ಲಿಥಿಯಂ ಮಾತ್ರೆ ಎಂದರೆ ಒಂದು ಲವಣ. ಉನ್ಮಾದಕ್ಕೆ, ಅಂದರೆ ಬೈಪೋಲಾರ್‌ನಲ್ಲಿ ಮನಸ್ಸು ಮಿತಿಮೀರಿ ಏರುವ ಹಂತಕ್ಕೆ, ಅದು ಕೆಲಸ ಮಾಡುತ್ತದೆ ಎಂದು ಆಸ್ಟ್ರೇಲಿಯಾದ ಜಾನ್ ಕೇಡ್ ಎಂಬ ವೈದ್ಯ ಬರೆದದ್ದು 1949ರಲ್ಲಿ. ಅಂದಿನಿಂದ ಎಷ್ಟೋ ಹೊಸ ಔಷಧಿ ಬಂದರೂ ಬೈಪೋಲಾರ್‌ಗೆ ಇದನ್ನು ಮೀರಿಸುವಂಥದ್ದು ಕಡಿಮೆ. ಆತ್ಮಹತ್ಯೆಯ ಅಪಾಯವನ್ನು ತಗ್ಗಿಸುವ ಗುಣವೂ ಇದಕ್ಕಿದೆ. ತೊಂದರೆ ಏನೆಂದರೆ ಅಳತೆ ಬಲು ಬಿಗಿ. ರಕ್ತದಲ್ಲಿ ಲೀಟರಿಗೆ 0.6ರಿಂದ 1.0 ಮಿಲಿಮೋಲ್ ಇದ್ದರೆ ಮದ್ದು, 1.5 ದಾಟಿದರೆ ಸಾಮಾನ್ಯವಾಗಿ ವಿಷದ ಲಕ್ಷಣ ಶುರು. ಕೈ ಜೋರಾಗಿ ನಡುಗುವುದು, ವಾಂತಿ, ಭೇದಿ, ಆಮೇಲೆ ನಡಿಗೆ ತೂರಾಡುವುದು, ಮಾತು ತೊದಲುವುದು, ಮಂಪರು. ಅಲ್ಲಿಗೂ ಎಚ್ಚರವಾಗದಿದ್ದರೆ ಫಿಟ್ಸ್, ಕಿಡ್ನಿಗೆ ಪೆಟ್ಟು, ಡಯಾಲಿಸಿಸ್. ವಯಸ್ಸಾದವರಲ್ಲಿ 1.5ಕ್ಕಿಂತ ಕೆಳಗೇ ಇದೆಲ್ಲ ಕಾಣಿಸಬಹುದು.

ಉಪ್ಪಿಗೂ ಇದಕ್ಕೂ ಏನು ಸಂಬಂಧ? ಕಿಡ್ನಿ ಲಿಥಿಯಂ ಅನ್ನು ಸೋಡಿಯಂನ ದಾರಿಯಲ್ಲೇ ಸಾಗಿಸುತ್ತದೆ. ಊಟದಲ್ಲಿ ಉಪ್ಪು ಕಡಿಮೆಯಾಯಿತು ಎನ್ನಿ, ಕಿಡ್ನಿ ಸೋಡಿಯಂ ಅನ್ನು ಹೊರಗೆ ಬಿಡದೆ ಹಿಡಿದಿಟ್ಟುಕೊಳ್ಳುತ್ತದೆ, ಜೊತೆಗೆ ಲಿಥಿಯಂ ಅನ್ನೂ ಹಿಡಿದಿಡುತ್ತದೆ. ಮಾತ್ರೆ ಅಷ್ಟೇ, ರಕ್ತದಲ್ಲಿ ಮಟ್ಟ ಮಾತ್ರ ಏರುತ್ತದೆ. ಕಾಫಿಯದ್ದೂ ಇದೇ ಕಥೆ. ಕಾಫಿ ಕುಡಿಯುವವರಲ್ಲಿ ಲಿಥಿಯಂ ಮೂತ್ರದಲ್ಲಿ ತುಸು ಹೆಚ್ಚು ಹೋಗುತ್ತದೆ; ಮಲೆನಾಡಿನಲ್ಲಿ ದಿನಕ್ಕೆ ನಾಲ್ಕು ಲೋಟ ಕುಡಿಯುವವನು ಒಮ್ಮೆಗೇ ನಿಲ್ಲಿಸಿದರೆ ಅದು ಒಳಗೇ ಉಳಿಯುತ್ತದೆ. ಉಪ್ಪು ಬಿಡಿಸಿದರು, ಕಾಫಿ ಬಿಡಿಸಿದರು, ಮೇಲೆ ಭೇದಿಯಾಗಿ ಮೈಯ ನೀರೂ ಹೋಯಿತು. ಮೂರೂ ಒಂದೇ ದಿಕ್ಕಿಗೆ ತಳ್ಳುತ್ತವೆ. ಆ ಶಿಬಿರದವರು ಇವರ ಮಾತ್ರೆಯ ಚೀಟಿ ಕೇಳಿ ನೋಡಿದ್ದರೆ? ನೋಡಿದ್ದರೂ ಅರ್ಥವಾಗುತ್ತಿತ್ತು ಎಂಬ ನಂಬಿಕೆ ನನಗಿಲ್ಲ.

ಲಿಥಿಯಂ ತಗೊಳ್ಳುವವರು ಉಪ್ಪು, ಕಾಫಿ, ನೀರು ಯಾವುದನ್ನೂ ದಿಢೀರನೆ ಏರಿಸಬಾರದು, ಇಳಿಸಬಾರದು. ಬಿಪಿ ಇದೆ, ಉಪ್ಪು ಇಳಿಸಲೇಬೇಕು ಎಂದಾದರೆ ಲಿಥಿಯಂ ಕೊಟ್ಟ ಡಾಕ್ಟರಿಗೆ ಹೇಳಿ, ರಕ್ತ ಪರೀಕ್ಷೆ ಮಾಡಿಸುತ್ತಾ ನಿಧಾನಕ್ಕೆ ಇಳಿಸಬೇಕು. ಬಿಪಿಗೆ ಕೊಡುವ ಕೆಲವು ಮಾತ್ರೆಗಳೂ, ಮುಖ್ಯವಾಗಿ ಮೂತ್ರ ಹೆಚ್ಚಿಸುವವು, ಲಿಥಿಯಂ ಮಟ್ಟ ಏರಿಸುತ್ತವೆ. ನಮ್ಮ ಕಡೆ ಅದಕ್ಕಿಂತ ದೊಡ್ಡ ಕಾಟ ನೋವಿನ ಮಾತ್ರೆಯದ್ದು. ಅಡಿಕೆ ಕೊನೆ ಕೊಯ್ಲಿನ ಸಮಯದಲ್ಲಿ ಸೊಂಟ ಹಿಡಿಯಿತೆಂದು ಮೆಡಿಕಲ್ ಶಾಪಿನಲ್ಲಿ ಡೈಕ್ಲೊಫೆನಾಕ್, ಐಬುಪ್ರೊಫೇನ್ ಕೇಳಿ ನುಂಗುತ್ತಾರೆ. ಬೇಡ. ಪ್ಯಾರಾಸಿಟಮಾಲ್ ಸಾಕು. ಜ್ವರ, ವಾಂತಿ ಭೇದಿ ಬಂದರೆ ಅದೇ ದಿನ ಡಾಕ್ಟರನ್ನು ಕೇಳಿ. ಕೊನೆಯ ಡೋಸ್ ಆಗಿ 12 ಗಂಟೆ ಕಳೆದ ಮೇಲೆ ರಕ್ತ ಕೊಟ್ಟು ಲಿಥಿಯಂ ಮಟ್ಟ ನೋಡಿಸಿ, ಆರು ತಿಂಗಳಿಗೊಮ್ಮೆ ಕಿಡ್ನಿಗೆ ಕ್ರಿಯಾಟಿನಿನ್, ಥೈರಾಯ್ಡ್ ಗ್ರಂಥಿಗೆ ಟಿಎಸ್‌ಎಚ್. ತಾಲ್ಲೂಕಿನಲ್ಲಿ ಆಗದಿದ್ದರೆ ಶಿವಮೊಗ್ಗಕ್ಕೆ ಬನ್ನಿ. ಈ ಮಾತ್ರೆ ಥೈರಾಯ್ಡನ್ನು ಕುಂದಿಸಬಹುದು, ಆಗ ಮಂಕು ಕವಿಯುತ್ತದೆ, ಆ ಮಂಕಿಗೆ ಮನೆಯವರು ಮತ್ತೆ ಊಟವನ್ನೇ ದೂರುತ್ತಾರೆ.

ಇದೆಲ್ಲ ಓದಿ ಹೆದರಿ ಮಾತ್ರೆಯನ್ನು ನೀವೇ ಪೂರ್ತಿ ಬಿಟ್ಟುಬಿಡುವುದು ಇನ್ನೊಂದು ಅನಾಹುತ. ಲಿಥಿಯಂ ಒಮ್ಮೆಗೇ ನಿಲ್ಲಿಸಿದವರಲ್ಲಿ ಕಾಯಿಲೆ ಮರುಕಳಿಸುವುದೂ ಆತ್ಮಹತ್ಯೆಯ ಯತ್ನಗಳೂ ಹೆಚ್ಚು. ಯಾವಾಗ ತಡೆಯಬೇಕು, ಎಷ್ಟಕ್ಕೆ ಮತ್ತೆ ಶುರು ಮಾಡಬೇಕು ಎಂಬುದು ರಕ್ತದ ವರದಿ ನೋಡಿದವರ ತೀರ್ಮಾನ.

ಇನ್ನು ನಿಮ್ಮ ಅಡುಗೆ. ಈರುಳ್ಳಿ ಹೆಚ್ಚಿದ್ದಕ್ಕೆ ಯಾರಿಗೂ ಬೈಪೋಲಾರ್ ಬಂದಿಲ್ಲ. ಅದರಲ್ಲಿ ವಂಶವಾಹಿಯ ಪಾಲು ದೊಡ್ಡದು. ಇದನ್ನು ಓದಿ ಅತ್ತೆಯ ಕಡೆ ಬೆರಳು ತಿರುಗಿಸಬೇಡಿ, ಅವರೂ ಬೇಕೆಂದು ಕೊಟ್ಟದ್ದಲ್ಲ. ಮಗನ ಕಾಯಿಲೆಗೆ ಕಾರಣ ಸಿಗದ ತಾಯಿಗೆ ಸೊಸೆಯ ಒಗ್ಗರಣೆ ಕೈಗೆಟುಕುವ ಕಾರಣ, ಅಷ್ಟೇ. ಆದರೆ ನನ್ನನ್ನು ಕೆರಳಿಸುವುದು ಇದೇ. ಕಾಯಿಲೆ ಬಂದ ಮನೆಯಲ್ಲಿ ಊಟದ ಎಲೆಯ ಮುಂದೆ ವಿಚಾರಣೆ ನಡೆಯುತ್ತದೆ. "ಸರಿಯಾಗಿ ತಿನ್ನಲ್ಲ, ಅದಕ್ಕೇ ಹೀಗೆ", "ಹೊರಗಿನದ್ದು ತಿಂದೆ, ಅದಕ್ಕೇ ಹಾಗೆ", "ಪಥ್ಯ ಮುರಿದವನು ನೀನೇ". ಆಹಾರ ಚಿಕಿತ್ಸೆಯ ಪ್ರಚಾರಕರು ಮಾಡುವ ದೊಡ್ಡ ಕೇಡು ಬೂದುಗುಂಬಳದ ರಸದ್ದಲ್ಲ, ಈ ತಪ್ಪು ಹೊರಿಸುವ ಆಟದ್ದು. ಗುಣವಾದರೆ ಪಥ್ಯದಿಂದ, ಆಗದಿದ್ದರೆ ರೋಗಿಯ ಬಾಯಿಚಪಲದಿಂದ; ಅವರು ಯಾವತ್ತೂ ಸೋಲುವುದಿಲ್ಲ.

ಚುಚ್ಚು ಮಾತಿಗೂ ಕಾಯಿಲೆಗೂ ಇರುವ ನಂಟು ನನ್ನ ಊಹೆಯಲ್ಲ. 1950ರ ದಶಕದಲ್ಲೇ ಲಂಡನ್ನಿನಲ್ಲಿ ಜಾರ್ಜ್ ಬ್ರೌನ್ ಮತ್ತು ಜೊತೆಗಾರರು, ಆಸ್ಪತ್ರೆಯಿಂದ ತಂದೆತಾಯಿ ಅಥವಾ ಹೆಂಡತಿಯ ಬಳಿಗೆ ಮರಳಿದ ಸ್ಕಿಜೋಫ್ರೇನಿಯಾ (ಇಲ್ಲದ ದನಿ ಕೇಳುವ, ಇಲ್ಲದ್ದನ್ನು ನಂಬುವ ಕಾಯಿಲೆ) ರೋಗಿಗಳು, ಬಾಡಿಗೆ ಕೋಣೆಗೆ ಹೋದವರಿಗಿಂತ ಹೆಚ್ಚು ಸಲ ಆಸ್ಪತ್ರೆಗೆ ವಾಪಸಾಗುವುದನ್ನು ಗಮನಿಸಿದರು. ಮುಂದೆ ಬಿಡಿಸಿ ನೋಡಿದಾಗ ಸಿಕ್ಕಿದ್ದು ಟೀಕೆ, ಹಗೆತನ, ಜೊತೆಗೆ ಉಸಿರುಗಟ್ಟಿಸುವ ಅತಿ ಕಾಳಜಿ. ಬೈಪೋಲಾರ್ ಮತ್ತು ಖಿನ್ನತೆಯಲ್ಲೂ ಇದನ್ನು ಕಂಡಿದ್ದಾರೆ. ನಮ್ಮದೇ ತೀರ್ಥಹಳ್ಳಿ ತಾಲ್ಲೂಕಿನಲ್ಲಿ 2005ರಿಂದ ನಿಮ್ಹಾನ್ಸ್‌ನವರು ಹಳ್ಳಿಗಳಲ್ಲಿ ಸ್ಕಿಜೋಫ್ರೇನಿಯಾ ಇರುವವರನ್ನು ಗುರುತಿಸಿ ಚಿಕಿತ್ಸೆ ಕೊಡಿಸುತ್ತಾ ಬಂದರು. ಚಿಕಿತ್ಸೆ ಸಿಕ್ಕವರು ಮನೆ ಕೆಲಸಕ್ಕೆ, ದುಡಿಮೆಗೆ ಎಷ್ಟೋ ಮಟ್ಟಿಗೆ ಮರಳಿದರು. ಅಲ್ಲಿ ಯಾರೂ ಉಪ್ಪು ಬಿಡಿಸಿರಲಿಲ್ಲ.

ಹಾಗಾದರೆ ಊಟಕ್ಕೂ ಮನಸ್ಸಿಗೂ ಸಂಬಂಧವೇ ಇಲ್ಲವೇ? ಇದೆ. 2017ರಲ್ಲಿ ಆಸ್ಟ್ರೇಲಿಯಾದಲ್ಲಿ ಫೆಲಿಸ್ ಜಾಕಾ ತಂಡ ಖಿನ್ನತೆಯಿದ್ದ 67 ಜನರ ಮೇಲೆ 12 ವಾರದ ಪ್ರಯೋಗದ ಫಲಿತಾಂಶ ಪ್ರಕಟಿಸಿತು. ತರಕಾರಿ, ಹಣ್ಣು, ಕಾಳು, ಇಡೀ ಧಾನ್ಯ, ಮೀನು ಹೆಚ್ಚಿಸಿ ಕರಿದದ್ದು, ಸಿಹಿ ಕಡಿಮೆ ಮಾಡಿದ ಗುಂಪಿನಲ್ಲಿ ಸುಮಾರು 32% ಜನ ಖಿನ್ನತೆಯಿಂದ ಹೊರಬಂದರು. ಬರೀ ಜೊತೆಗೆ ಕೂತು ಮಾತಾಡಿಸಿದ ಗುಂಪಿನಲ್ಲಿ 8%. ವಿಡಿಯೋದವರು ಇಲ್ಲಿಗೆ ನಿಲ್ಲಿಸುತ್ತಾರೆ. ಆ ಪ್ರಯೋಗದಲ್ಲಿ ಹೆಚ್ಚಿನವರು ತಮ್ಮ ಮಾತ್ರೆ ಅಥವಾ ಆಪ್ತಸಮಾಲೋಚನೆ ಮುಂದುವರಿಸಿಯೇ ಇದ್ದರು, ಗುಂಪು ಚಿಕ್ಕದು, ತಮಗೆ ಸಿಕ್ಕಿದ್ದು ಯಾವ ಗುಂಪೆಂದು ಅವರಿಗೆ ಗೊತ್ತಿತ್ತು ಎಂಬುದನ್ನು ಹೇಳುವುದಿಲ್ಲ. ಅದು ಬೈಪೋಲಾರ್‌ನ ಪ್ರಯೋಗವೂ ಅಲ್ಲ. ಡಬ್ಬಿಯಲ್ಲಿ ಬರುವ ಪೋಷಕಾಂಶದ ಮಾತ್ರೆಗಳದ್ದು ಇನ್ನೂ ಸಪ್ಪೆ: ಯುರೋಪಿನ ನಾಲ್ಕು ದೇಶಗಳಲ್ಲಿ 1,025 ಜನರಿಗೆ ಒಂದು ವರ್ಷ ಒಮೆಗಾ-3, ಫೋಲಿಕ್ ಆಮ್ಲ, ಸೆಲೆನಿಯಂ, ವಿಟಮಿನ್ ಡಿ ಕೊಟ್ಟು ನೋಡಿದರು, ಖಿನ್ನತೆ ತಡೆಯಲಾಗಲಿಲ್ಲ. ಆ ಫಲಿತಾಂಶ ಬಂದದ್ದು 2019ರಲ್ಲಿ. ಡಬ್ಬಿ ಇನ್ನೂ ಮಾರಾಟವಾಗುತ್ತಿದೆ.

ನನ್ನನ್ನು ಕೇಳಿದರೆ, ಆಸ್ಟ್ರೇಲಿಯಾದ ಪ್ರಯೋಗದಲ್ಲಿದ್ದ ಆಲಿವ್ ಎಣ್ಣೆ ತರಿಸಲು ಹೋಗಬೇಡಿ. ಹುರುಳಿ ಸಾರು, ಹೆಸರುಕಾಳು, ಹಿತ್ತಲಿನ ಬಸಳೆ, ತಿನ್ನುವವರಿಗೆ ಬಂಗುಡೆ ಮೀನು, ಮೊಟ್ಟೆ, ಎಲ್ಲರಿಗೂ ಮೊಸರು. ಉಪ್ಪು ಮೊದಲಿನಷ್ಟೇ. ಆಸ್ಪತ್ರೆಯಿಂದ ಬಂದ ಮೇಲೆ ಮನೆಯವರೆಲ್ಲ ಉಣ್ಣುವುದನ್ನೇ ಅವರಿಗೂ ಬಡಿಸಿ, ಅವರ ತಟ್ಟೆ ಬೇರೆ ಮಾಡಬೇಡಿ. ಉಣ್ಣುವಾಗ ಮಾತ್ರೆಯ ಮಾತು, ಸಾಲದ ಮಾತು, ಅಡಿಕೆಯ ಎಲೆಚುಕ್ಕಿ ರೋಗದ ಮಾತು ಬೇಡ. ಅತ್ತೆಯವರನ್ನು ಮುಂದಿನ ಸಲ ಆಸ್ಪತ್ರೆಗೆ ಜೊತೆಗೆ ಕರೆದುಕೊಂಡು ಬನ್ನಿ. ನೀವು ಹೇಳಿದರೆ ಜಗಳ, ಡಾಕ್ಟರ್ ಹೇಳಿದರೆ ಕೇಳಿಯಾರು.

ಪ್ರಶ್ನೆ: ಬಾಳೆಹಣ್ಣಿನಲ್ಲಿ ಸೆರೊಟೋನಿನ್ ಇದೆಯಂತೆ. ದಿನಕ್ಕೆ ಎಷ್ಟು ತಿಂದರೆ ಖಿನ್ನತೆ ಹೋಗುತ್ತೆ?

ಉತ್ತರ: ಇದೆ, ಆದರೆ ಅದು ರಕ್ತದಿಂದ ಮಿದುಳಿಗೆ ದಾಟುವುದಿಲ್ಲ. ಹಸಿವಾದರೆ ತಿನ್ನಿ.

ಪ್ರಶ್ನೆ: ಒಂದೆಲಗದ ತಂಬುಳಿ ಮಾತ್ರೆಗೆ ಬದಲಾಗುತ್ತದೆಯೇ?

ಉತ್ತರ: ಇಲ್ಲ. ತಂಬುಳಿ ನನಗೂ ಇಷ್ಟ.

ಪ್ರಶ್ನೆ: ನಾನು 61 ವರ್ಷದ ನಿವೃತ್ತ ಶಿಕ್ಷಕ, ಸಸ್ಯಾಹಾರಿ, ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್, ಗ್ಯಾಸ್ಟ್ರಿಕ್‌ಗೆ ದಿನಾ ಮಾತ್ರೆ. ಒಂದು ವರ್ಷದಿಂದ ಮರೆವು, ಬೇಸರ, ಪಾದ ಜುಮುಗುಡುತ್ತದೆ. ಧ್ಯಾನ ಮಾಡಿ ಎನ್ನುತ್ತಾರೆ.

ಉತ್ತರ: ಮೇಷ್ಟ್ರೇ, ಧ್ಯಾನ ಆಮೇಲೆ, ಮೊದಲು ರಕ್ತದಲ್ಲಿ ವಿಟಮಿನ್ ಬಿ12 ನೋಡಿಸಿ. ಆಹಾರ ಮನಸ್ಸನ್ನು ನೇರವಾಗಿ ಕೆಡಿಸುವ ಉದಾಹರಣೆ ಬೇಕೆಂದವರಿಗೆ ಇದನ್ನೇ ತೋರಿಸುತ್ತೇನೆ. ಬಿ12 ಸಿಗುವುದು ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸದಲ್ಲಿ. ಸೊಪ್ಪಿನಲ್ಲಿ ಇಲ್ಲ. ಮೆಟ್‌ಫಾರ್ಮಿನ್ ಮತ್ತು ವರ್ಷಗಟ್ಟಲೆ ನುಂಗುವ ಗ್ಯಾಸ್ಟ್ರಿಕ್ ಮಾತ್ರೆ ಎರಡೂ ಅದು ಮೈಗೆ ಹತ್ತದಂತೆ ಮಾಡುತ್ತವೆ. ಕೊರತೆ ಹೆಚ್ಚಾದರೆ ಜುಮುಗುಡುವುದು, ಮರೆವು, ಖಿನ್ನತೆ, ಅಪರೂಪಕ್ಕೆ ಭ್ರಮೆಯೂ ಬರಬಹುದು. ಕೊರತೆ ಇದ್ದರೆ ಇಂಜೆಕ್ಷನ್ ಅಥವಾ ಮಾತ್ರೆ. ತಡ ಮಾಡಿದರೆ ನರದ ಹಾನಿ ಪೂರ್ತಿ ವಾಪಸಾಗದು. ಪರೀಕ್ಷೆಗೆ ಮೊದಲೇ ಫೋಲಿಕ್ ಆಮ್ಲದ ಮಾತ್ರೆ ಶುರು ಮಾಡಬೇಡಿ, ರಕ್ತಹೀನತೆ ಮುಚ್ಚಿಹೋಗಿ ನರ ಒಳಗೇ ಕೆಡುತ್ತದೆ. ಜೊತೆಗೆ ಟಿಎಸ್‌ಎಚ್ ಕೂಡ ಮಾಡಿಸಿ.

ಪ್ರಶ್ನೆ: ಅಮ್ಮ ತೀರಿಕೊಂಡು ನಾಲ್ಕು ತಿಂಗಳು. ಊಟ ಸೇರುತ್ತಿಲ್ಲ. ಯಾವ ಟಾನಿಕ್ ಒಳ್ಳೆಯದು?

ಉತ್ತರ: ಯಾವುದೂ ಬೇಡ. ಅಮ್ಮ ಹೋದ ಮನೆಯಲ್ಲಿ ನಾಲ್ಕು ತಿಂಗಳಿಗೆ ಊಟ ರುಚಿಸದಿದ್ದರೆ ಅದಕ್ಕೆ ಕಾಯಿಲೆಯ ಹೆಸರು ಕೊಡಲು ನಾನು ಅವಸರ ಮಾಡುವುದಿಲ್ಲ. ಒಬ್ಬರೇ ಕೂತು ಉಣ್ಣಬೇಡಿ. ಅಕ್ಕನ ಮನೆಗೋ, ಪಕ್ಕದ ಮನೆಗೋ ಹೋಗಿ, ಗಂಜಿಯಾದರೂ ಸರಿ. ಅಮ್ಮನ ವಿಷಯ ಮಾತಾಡಿದರೆ ಕಣ್ಣೀರು ಬರುತ್ತದೆಂದು ಬಂಧುಗಳು ಮಾತು ತಿರುಗಿಸುತ್ತಿರಬಹುದು. ಬರಲಿ ಬಿಡಿ, ನೀವೇ ಮಾತು ತೆಗೆಯಿರಿ. ಆದರೆ ತೂಕ ಇಳಿಯುತ್ತಲೇ ಇದ್ದರೆ, ನಸುಕಿಗೇ ಎಚ್ಚರವಾಗಿ ಮತ್ತೆ ನಿದ್ದೆ ಬಾರದಿದ್ದರೆ, ಅಮ್ಮನ ಸಾವಿಗೆ ತಾನೇ ಕಾರಣ ಅನ್ನಿಸಿದರೆ ಬಂದು ನೋಡಿ. ತಾನೂ ಹೋಗಿಬಿಡಬೇಕು ಅನ್ನಿಸಿದರೆ ಆ ಕ್ಷಣವೇ ಮನೆಯವರಿಗೆ ಹೇಳಿ, ಅಥವಾ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್, ಹಗಲೂ ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಪ್ರಶ್ನೆ: ನಿದ್ದೆಗೆ ರಾತ್ರಿ ಒಂದು ಪೆಗ್ ಹಾಕಿದರೆ ತಪ್ಪೇ?

ಉತ್ತರ: ಬೇಗ ನಿದ್ದೆ ಬರುತ್ತದೆ, ಮಧ್ಯರಾತ್ರಿ ಎಚ್ಚರವಾಗುತ್ತದೆ, ಕೆಲವು ತಿಂಗಳಲ್ಲಿ ಒಂದು ಎರಡಾಗುತ್ತದೆ. ಮಾತ್ರೆ ತಗೊಳ್ಳುವವರಾದರೆ ಮುಟ್ಟಲೇಬೇಡಿ.

ಪ್ರಶ್ನೆ: ಎಲೆಅಡಿಕೆ ಹಾಕಿದರೆ ಮನಸ್ಸು ಹಗುರವಾಗುತ್ತದೆ. ಇದು ಔಷಧಿಯಲ್ಲವೇ?

ಉತ್ತರ: ಹಗುರವಾಗುವುದು ನಿಜ, ಅಡಿಕೆಯಲ್ಲಿರುವ ಅರೆಕೋಲಿನ್ ನರಮಂಡಲದ ಮೇಲೆ ಕೆಲಸ ಮಾಡುತ್ತದೆ. ಅದಕ್ಕೇ ಚಟವೂ ಹತ್ತುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಅಡಿಕೆಯನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿನಲ್ಲಿಟ್ಟಿದೆ. ಹೊಗೆಸೊಪ್ಪು ಸೇರಿಸಿದರೆ ಕೇಳುವುದೇ ಬೇಡ. ಈ ಜಿಲ್ಲೆಯಲ್ಲಿ ಕೂತು ಇದನ್ನು ಬರೆದರೆ ಮುಂದಿನ ವಾರ ಎಂಥ ಪತ್ರಗಳು ಬರುತ್ತವೆ ಎಂದು ಗೊತ್ತು. ಬರೆಯಿರಿ, ಆದರೆ ಬಾಯಿ ಮೊದಲಿನಷ್ಟು ಅಗಲಕ್ಕೆ ತೆರೆಯುತ್ತಿಲ್ಲವೆಂದರೆ ಪತ್ರ ಬರೆಯುವ ಮೊದಲು ದಂತವೈದ್ಯರ ಹತ್ತಿರ ಹೋಗಿ.