ಓದುಗರ ಪ್ರಶ್ನೆ: ಎದೆಹಾಲಿನ ವಿಷಯಕ್ಕೆ ಕಂಪ್ಯೂಟರ್ ಯಾಕೆ ಬೇಕು?

ಪ್ರಶ್ನೆ: ನನ್ನ ಮಗಳು ಅಮೆರಿಕದಲ್ಲಿ ಪಬ್ಲಿಕ್ ಹೆಲ್ತ್ ಓದ್ತಿದಾಳೆ. ಅಲ್ಲಿನ ಬಡ ತಾಯಂದಿರು ಎದೆಹಾಲು ಕೊಡೋದನ್ನ ಯಾಕೆ ಬೇಗ ನಿಲ್ಲಿಸ್ತಾರೆ, ಯಾವ ಸಹಾಯ ಸಿಕ್ಕರೆ ಮುಂದುವರಿಸ್ತಾರೆ ಅನ್ನೋದನ್ನ ಕಂಪ್ಯೂಟರ್ ಸಿಮ್ಯುಲೇಶನ್ ಮಾಡಿ ನೋಡ್ತೀವಿ ಅಂತಾಳೆ. ಎಷ್ಟು ಸಲ ಹೇಳಿದ್ರೂ ನನ್ನ ತಲೆಗೆ ಹತ್ತಲಿಲ್ಲ. ಹೋಗಿ ತಾಯಂದಿರನ್ನೇ ಕೇಳಬಹುದಲ್ವಾ, ಕಂಪ್ಯೂಟರಿಗೆ ಬಾಣಂತನ ಏನು ಗೊತ್ತು?
— ಒಬ್ಬ ತಾಯಿ, ದಾವಣಗೆರೆ

ಉತ್ತರ: ಅಮ್ಮಾ, ಕೇಳ್ತಾರೆ, ಕೇಳೇ ಕೇಳ್ತಾರೆ. ಕೇಳಿ ತಿಳ್ಕೊಂಡಿದ್ದನ್ನೇ ಆಮೇಲೆ ಕಂಪ್ಯೂಟರಿಗೆ ಹಾಕೋದು. ನಿಮ್ಮ ಮಗಳು ಮಾಡ್ತಿರೋದು ಒಳ್ಳೆ ಕೆಲಸ, ಸ್ವಲ್ಪ ವಿವರವಾಗೇ ಹೇಳ್ತೀನಿ.

ಮೊದಲು ಅಲ್ಲಿನ ಪರಿಸ್ಥಿತಿ. ಅಮೆರಿಕದಲ್ಲಿ ಕಡಿಮೆ ಆದಾಯದ ಗರ್ಭಿಣಿಯರು, ಬಾಣಂತಿಯರು, 5 ವರ್ಷದೊಳಗಿನ ಮಕ್ಕಳಿಗೆ ವಿಕ್ ಅಂತ ಒಂದು ಸರ್ಕಾರಿ ಆಹಾರ ಯೋಜನೆ ಇದೆ, 1970ರ ದಶಕದಲ್ಲಿ ಶುರುವಾಗಿದ್ದು. ಈ ಯೋಜನೆಯಲ್ಲಿ ಮಗುಗೆ ಪೌಡರ್ ಹಾಲಿನ ಡಬ್ಬಿ ಪುಕ್ಕಟೆ ಸಿಗುತ್ತೆ, ಆ ದೇಶದಲ್ಲಿ ಖರ್ಚಾಗೋ ಪೌಡರ್ ಹಾಲಲ್ಲಿ ಅರ್ಧಕ್ಕಿಂತ ಜಾಸ್ತಿ ಹೋಗೋದು ಇದೇ ಯೋಜನೆ ಮೂಲಕ. ಜೊತೆಗೆ ಇದೇ ಯೋಜನೆ ಎದೆಹಾಲು ಕೊಡಿ ಅಂತ ಪ್ರೋತ್ಸಾಹವನ್ನೂ ಕೊಡುತ್ತೆ. ಎದೆಹಾಲು ಮಾತ್ರ ಕೊಡೋ ತಾಯಿಗೆ ಹೆಚ್ಚು ಆಹಾರ, ಅದೂ ಒಂದು ವರ್ಷದವರೆಗೆ. 2004ರಿಂದ ಪೀರ್ ಕೌನ್ಸೆಲರ್ ಅಂತ ಇಡೋಕೆ ಪ್ರತ್ಯೇಕ ದುಡ್ಡೂ ಬರ್ತಿದೆ, ಅಂದ್ರೆ ಅದೇ ಓಣಿಯ, ಅದೇ ಭಾಷೆ ಮಾತಾಡೋ, ತಾನೂ ಹಾಲುಣಿಸಿ ಗೊತ್ತಿರೋ ಹೆಂಗಸು ಫೋನ್ ಮಾಡಿ, ಮನೆಗೆ ಹೋಗಿ ಧೈರ್ಯ ಹೇಳೋದು. ಡಬ್ಬಿ ಕೊಡೋರೂ ಅವರೇ, ಡಬ್ಬಿ ಬೇಡ ಅಂತ ಧೈರ್ಯ ತುಂಬೋರೂ ಅವರೇ, ಹಾಗಾಗಿ ಯಾವುದು ಎಷ್ಟು ಕೆಲಸ ಮಾಡ್ತಿದೆ ಅಂತ ಬಿಡಿಸಿ ನೋಡೋದು ಕಷ್ಟ.

ಇನ್ನು ರಜೆ. 1993ರ ಕಾನೂನಿನ ಪ್ರಕಾರ 12 ವಾರ ರಜೆ, ಅದೂ ಸಂಬಳ ಇಲ್ಲದ್ದು. ಅದಕ್ಕೂ 50 ಜನಕ್ಕಿಂತ ಕಮ್ಮಿ ಇರೋ ಕಡೆ ಕೆಲಸ ಮಾಡಿದ್ರೆ, ಇಲ್ಲ ಸೇರಿ ಒಂದು ವರ್ಷ ಆಗಿಲ್ಲ ಅಂದ್ರೆ ಅರ್ಹತೆ ಇಲ್ಲ. ಕೆಲವು ರಾಜ್ಯಗಳು ಸಂಬಳದ ರಜೆ ಮಾಡಿವೆ, ದೇಶಕ್ಕೆಲ್ಲ ಅನ್ವಯಿಸೋ ಹಾಗೆ ಖಾಸಗಿ ಕೆಲಸದವರಿಗೆ ಅಂಥ ಕಾನೂನಿಲ್ಲ. ಬಾಡಿಗೆ ಕಟ್ಟಬೇಕಾದ ತಾಯಿ ಸಂಬಳ ಇಲ್ಲದೆ 12 ವಾರ ಮನೇಲಿ ಕೂರ್ತಾಳಾ ನೀವೇ ಹೇಳಿ.

ಈಗ ಸಿಮ್ಯುಲೇಶನ್. ಕಂಪ್ಯೂಟರ್ ಒಳಗೆ ಸಾವಿರಾರು ಕಾಲ್ಪನಿಕ ತಾಯಂದಿರನ್ನ ಮಾಡ್ತಾರೆ. ಪ್ರತಿಯೊಬ್ಬಳಿಗೂ ವಯಸ್ಸು, ಎಷ್ಟನೇ ಹೆರಿಗೆ, ಎಂಥ ಕೆಲಸ, ಅವಳ ಅಮ್ಮ ಹಾಲುಣಿಸಿದ್ರಾ, ಗೆಳತಿಯರು ಏನು ಮಾಡ್ತಿದಾರೆ, ಹೆರಿಗೆ ಆದ ಆಸ್ಪತ್ರೆ ಹೇಗಿತ್ತು, ಇವೆಲ್ಲ ಇರುತ್ತೆ. ಒಬ್ಬಳನ್ನ ತಗೊಳ್ಳಿ, 22 ವರ್ಷ, ಚೊಚ್ಚಲು, ಅಂಗಡಿಯಲ್ಲಿ ಗಂಟೆ ಲೆಕ್ಕದ ಕೆಲಸ. ಮೊದಲ ದಿನ ಆಸ್ಪತ್ರೆಯಲ್ಲಿ ಮಗುನ ಎದೆಗೆ ಹಾಕಿದ್ರಾ ಇಲ್ಲ ನರ್ಸ್ ಬಾಟಲಿ ಕೊಟ್ರಾ? ಮೂರನೇ ದಿನ ಮನೆಗೆ ಬಂದ್ಲು, ತೊಟ್ಟು ಒಡೆದು ನೋವು, ಮಗು ರಾತ್ರಿಯೆಲ್ಲ ಅಳು, ಮನೇಲಿರೋ ದೊಡ್ಡವರು ಹಾಲು ಸಾಲ್ತಿಲ್ಲ ಅಂದ್ರು, ಕೌನ್ಸೆಲರ್ ಫೋನ್ ಅವತ್ತು ಬಂತಾ ಇಲ್ಲ ಹತ್ತು ದಿನ ಬಿಟ್ಟು ಬಂತಾ? ನಾಲ್ಕನೇ ವಾರ ಕೆಲಸಕ್ಕೆ ವಾಪಸ್, ಅಲ್ಲಿ ಹಾಲು ಹಿಂಡಿ ಇಡೋಕೆ ಜಾಗ ಇದ್ಯಾ? ಪ್ರೋಗ್ರಾಮ್ ಪ್ರತಿ ದಿನಕ್ಕೂ ಅವಳು ನಾಳೆ ಮುಂದುವರಿಸೋ ಸಾಧ್ಯತೆ ಎಷ್ಟು ಅಂತ ಲೆಕ್ಕ ಹಾಕ್ತಾ ಹೋಗುತ್ತೆ. ಅವಳು ನಿಲ್ಲಿಸಿದ್ರೆ ಅದನ್ನ ನೋಡಿ ಅವಳ ಗೆಳತಿಯ ನಿರ್ಧಾರವೂ ಸ್ವಲ್ಪ ಬದಲಾಗುತ್ತೆ. ಆರು ತಿಂಗಳು ಹೀಗೆ ಓಡಿಸಿ ಎಷ್ಟು ಜನ ಉಳಿದ್ರು ನೋಡೋದು, ಆಮೇಲೆ ಒಂದೇ ಒಂದು ವಿಷಯ ಬದಲಾಯಿಸಿ, ಅಂದ್ರೆ ಫೋನ್ ಮೂರನೇ ದಿನವೇ ಬರೋ ಹಾಗೆ ಮಾಡಿ, ಮತ್ತೆ ಓಡಿಸೋದು. ನಿಜವಾದ ತಾಯಂದಿರ ಮೇಲೆ ಇಷ್ಟೊಂದು ಬೇರೆ ಬೇರೆ ಪ್ರಯೋಗ ಮಾಡೋಕೆ ವರ್ಷಗಟ್ಟಲೆ ಬೇಕು, ಅಷ್ಟೊಂದು ದುಡ್ಡೂ ಬೇಕು. ಅದಕ್ಕಿಂತ ಮುಖ್ಯವಾಗಿ, ನೀನು ಹಾಲು ಕೊಡು, ನೀನು ಕೊಡಬೇಡ ಅಂತ ಚೀಟಿ ಎತ್ತಿ ಹೇಳೋಕೆ ಆಗಲ್ಲ, ಅದು ತಪ್ಪು. ಬೆಲಾರುಸ್ ದೇಶದಲ್ಲಿ 1990ರ ದಶಕದಲ್ಲಿ ನಡೆದ ದೊಡ್ಡ ಪ್ರಯೋಗದಲ್ಲೂ 17,000 ತಾಯಿ ಮಕ್ಕಳಿದ್ರು, ಚೀಟಿ ಎತ್ತಿದ್ದು ಮಾತ್ರ ಆಸ್ಪತ್ರೆಗಳಿಗೆ. ಕೆಲವು ಆಸ್ಪತ್ರೆಗಳ ಸಿಬ್ಬಂದಿಗೆ ಸಹಾಯ ಮಾಡೋದು ಹೇಗೆ ಅಂತ ತರಬೇತಿ ಕೊಟ್ರು, ಉಳಿದವು ಮೊದಲಿದ್ದ ಹಾಗೇ ನಡೆದ್ವು. ಮೂರು ತಿಂಗಳಿಗೆ ಎದೆಹಾಲು ಮಾತ್ರ ಕುಡೀತಿದ್ದ ಮಕ್ಕಳು ತರಬೇತಿ ಆದ ಕಡೆ ಶೇ. 43, ಆಗದ ಕಡೆ ಶೇ. 6. ತಾಯಂದಿರು ಎರಡೂ ಕಡೆ ಒಂದೇ ಥರದವರು, ಬೇರೆ ಇದ್ದಿದ್ದು ಸುತ್ತ ಇದ್ದ ಸಹಾಯ ಮಾತ್ರ.

ಪ್ರಶ್ನೆ: ನಾನು ಸಾಫ್ಟ್‌ವೇರ್‌ನಲ್ಲಿದೀನಿ. ಇಂಥ ಸಿಮ್ಯುಲೇಶನ್ ಮಾಡೆಲ್‌ಗೆ ಹಾಕೋ ನಂಬರ್‌ಗಳು ಎಲ್ಲಿಂದ ಬರುತ್ತೆ? ನಾವು ಏನು ಹಾಕ್ತೀವೋ ಅದೇ ತಾನೇ ವಾಪಸ್ ಬರೋದು. ಇದನ್ನ ನಂಬಿ ಸರ್ಕಾರ ದುಡ್ಡು ಹಾಕಬಹುದಾ?
— ಓದುಗ, ಬೆಂಗಳೂರು

ಉತ್ತರ: ಸರಿಯಾದ ಅನುಮಾನ, ಇದನ್ನ ಬಿಡಬೇಡಿ. ನಂಬರ್‌ಗಳು ಸರ್ವೆಗಳಿಂದ, ವಿಕ್ ಕಚೇರಿ ದಾಖಲೆಗಳಿಂದ, ಹಿಂದೆ ನಡೆದ ಪ್ರಯೋಗಗಳಿಂದ ಬರುತ್ತೆ. ಮೆಕ್ಸಿಕೋ ಸಿಟಿ ಅಂಚಿನ ಬಡ ಬಡಾವಣೆಯಲ್ಲಿ ನಡೆದ ಒಂದು ಪ್ರಯೋಗ 1999ರಲ್ಲಿ ಪ್ರಕಟ ಆಯ್ತು. ಮನೆಗೆ 6 ಸಲ ಹೋದ ಕಡೆ ಮೂರು ತಿಂಗಳಿಗೆ ಶೇ. 67 ತಾಯಂದಿರು ಎದೆಹಾಲು ಮಾತ್ರ ಕೊಡ್ತಿದ್ರು, 3 ಸಲ ಹೋದ ಕಡೆ ಶೇ. 50, ಯಾರೂ ಹೋಗದ ಕಡೆ ಶೇ. 12. ಮೊದಲ ಮೂರು ಭೇಟಿಯಲ್ಲೇ ದೊಡ್ಡ ಜಿಗಿತ, ಮುಂದಿನ ಮೂರರಲ್ಲಿ ಸ್ವಲ್ಪ. ಭೇಟಿ ಹೆಚ್ಚಾದ ಹಾಗೆ ಲಾಭ ಹೇಗೆ ಬದಲಾಗುತ್ತೆ ಅನ್ನೋ ಈ ಆಕಾರ ಮಾಡೆಲ್‌ಗೆ ತುಂಬಾ ಬೆಲೆಬಾಳೋದು. ಆದ್ರೆ ಆ 67ನ್ನ ಎತ್ತಿ ಅಮೆರಿಕದ ತಾಯಿಗೆ ಅಂಟಿಸಿದ್ರೆ ತಪ್ಪಾಗುತ್ತೆ, ಅಲ್ಲಿ ಡಬ್ಬಿ ಪುಕ್ಕಟೆ, ದೇಶಕ್ಕೆಲ್ಲ ಅನ್ವಯಿಸೋ ಸಂಬಳದ ರಜೆ ಇಲ್ಲ, ಪರಿಸ್ಥಿತಿನೇ ಬೇರೆ.

ಒಳ್ಳೆ ತಂಡ ಏನು ಮಾಡುತ್ತೆ ಅಂದ್ರೆ ಡೇಟಾದಲ್ಲಿ ಒಂದು ಭಾಗ ಮಾಡೆಲ್‌ಗೆ ತೋರಿಸದೆ ಪಕ್ಕಕ್ಕಿಟ್ಟಿರುತ್ತೆ, ಮಾಡೆಲ್ ಅದನ್ನ ತಾನಾಗೇ ಸರಿಯಾಗಿ ಹೇಳುತ್ತಾ ಅಂತ ಆಮೇಲೆ ಪರೀಕ್ಷೆ ಮಾಡುತ್ತೆ. ಗೊತ್ತಿಲ್ಲದ ನಂಬರ್‌ಗಳನ್ನ ಮೇಲೆ ಕೆಳಗೆ ಮಾಡಿ ಫಲಿತಾಂಶ ಎಷ್ಟು ಅಲುಗಾಡುತ್ತೆ ನೋಡುತ್ತೆ. ಊಹೆ ಯಾವುದು, ಅಳತೆ ಯಾವುದು ಅಂತ ಬಿಡಿಸಿ ಬರೆಯುತ್ತೆ. ಇವು ಮೂರೂ ಇಲ್ಲದ ವರದಿಯನ್ನ ನಾನಾದ್ರೆ ಪಕ್ಕಕ್ಕಿಡ್ತೀನಿ.

ಹಾಕಿದ್ದೇ ವಾಪಸ್ ಬರುತ್ತೆ ಅನ್ನೋದು ಪೂರ್ತಿ ನಿಜ ಅಲ್ಲ. ಒಂದು ಲೆಕ್ಕ ನೋಡಿ, ಅರ್ಥ ಆಗ್ಲಿ ಅಂತ ನಾನೇ ಇಟ್ಟಿರೋ ನಂಬರ್‌ಗಳು. 100 ತಾಯಂದಿರು. ಆಸ್ಪತ್ರೆ ಹಂತ ದಾಟೋರು ಶೇ. 80, ಅವರಲ್ಲಿ ಮೊದಲ ಎರಡು ವಾರ ದಾಟೋರು ಶೇ. 70, ಅವರಲ್ಲಿ ಕೆಲಸಕ್ಕೆ ಹೋದ ಮೇಲೂ ಮುಂದುವರಿಸೋರು ಶೇ. 50. ಕೊನೆಗೆ ಉಳಿಯೋದು 28 ಜನ. ಆಸ್ಪತ್ರೆಯನ್ನ ತುಂಬಾ ಸುಧಾರಿಸಿ 80ನ್ನ 95 ಮಾಡಿದ್ರೂ ಕೊನೆಗೆ 33 ಅಷ್ಟೇ. ಬದಲಿಗೆ ಕೆಲಸದ ಜಾಗದ 50ನ್ನ 70 ಮಾಡಿದ್ರೆ 39. ಮೂರು ಕಡೆನೂ ಸುಧಾರಿಸಿ 95, 85, 70 ಮಾಡಿದ್ರೆ 56 ದಾಟುತ್ತೆ. ಒಂದೊಂದೇ ಯೋಜನೆಯನ್ನ ಬೇರೆ ಬೇರೆ ಅಳೆದಾಗ 'ಅಷ್ಟೇನೂ ಪ್ರಯೋಜನ ಇಲ್ಲ' ಅಂತ ಕಾಣೋದು ಇದಕ್ಕೇ, ಒಂದು ಬಾಗಿಲು ತೆಗೆದ್ರೆ ಮುಂದಿನ ಬಾಗಿಲು ಮುಚ್ಚಿರುತ್ತೆ. ಇಷ್ಟು ಕೂಡಿ ಕಳೆಯೋಕೆ ಪೇಪರ್ ಸಾಕು, ಆದ್ರೆ ಗೆಳತಿಯರ ಪ್ರಭಾವ, ಹಾಲು ಕಡಿಮೆಯಾಗೋ ವೇಗ, ಭೇಟಿಯ ದಿನ ಇವೆಲ್ಲ ಒಂದರ ಮೇಲೊಂದು ಪರಿಣಾಮ ಮಾಡೋಕೆ ಶುರುವಾದ್ರೆ ಕೈಲೆಕ್ಕದಲ್ಲಿ ಸಿಗಲ್ಲ.

ಇನ್ನೊಂದು ಥರದ ಸಿಮ್ಯುಲೇಶನ್ ಕೂಡ ಇದೆ, ನಿರ್ಧಾರಗಳ ಬದಲು ಕಾಯಿಲೆಗಳನ್ನ ಲೆಕ್ಕ ಹಾಕೋದು. ಅಮೆರಿಕದ ವೈದ್ಯೆ ಮೆಲಿಸ್ಸಾ ಬಾರ್ಟಿಕ್ ಮತ್ತು ಜೊತೆಯವರು 2017ರಲ್ಲಿ ಹಾಗೆ ಮಾಡಿದ್ರು. ಶಿಫಾರಸಿನಷ್ಟು ಕಾಲ ಹಾಲುಣಿಸೋಕೆ ಆಗದೇ ಇರೋದ್ರಿಂದ ಆ ದೇಶದಲ್ಲಿ ವರ್ಷಕ್ಕೆ 3,340 ಹೆಚ್ಚುವರಿ ಸಾವು ಅಂತ ಅವರ ಅಂದಾಜು, ಅದರಲ್ಲಿ ಮುಕ್ಕಾಲಿಗಿಂತ ಹೆಚ್ಚು ಮಕ್ಕಳದ್ದಲ್ಲ, ತಾಯಂದಿರದ್ದು, ಹೃದಯದ ಕಾಯಿಲೆ, ಸಕ್ಕರೆ ಕಾಯಿಲೆ ಇಂಥವು. ಅದೂ ಅಂದಾಜೇ, ಆದ್ರೆ ಎಲ್ಲರೂ ಮಗುವಿನ ಕಡೆ ಮಾತ್ರ ನೋಡ್ತಿದ್ದಾಗ ತಾಯಿಯ ಆರೋಗ್ಯದ ಕಡೆ ಗಮನ ತಿರುಗಿಸಿತು. ದುಡ್ಡು ಹಾಕೋ ಮುಂಚೆ ಎಲ್ಲಿ ನಿಜವಾದ ಪ್ರಯೋಗ ಮಾಡಬೇಕು ಅಂತ ಆರಿಸೋಕೆ ಮಾಡೆಲ್ ಬಳಸಿ, ಕೊನೆ ಮಾತು ಅಂತ ಮಾಡೆಲ್‌ನ ತಗೋಬೇಡಿ.

ಪ್ರಶ್ನೆ: ನಾನು ಗಾರ್ಮೆಂಟ್ಸ್‌ನಲ್ಲಿ ಕೆಲಸ ಮಾಡ್ತೀನಿ. ಎರಡನೇ ತಿಂಗಳಿಗೇ ಕೆಲಸಕ್ಕೆ ಹೋದೆ, ಹಾಲು ನಿಂತೋಯ್ತು, ಮೇಲುಹಾಲಿಗೆ ಹಾಕಿದೆ. ಮಗುಗೆ ಈಗ ಮೂರು ವರ್ಷ, ನೆಗಡಿ ಬಂದ್ರೂ ಅತ್ತೆ ಅದನ್ನೇ ಎತ್ತಿ ಆಡ್ತಾರೆ. ಇಂಥ ಸಂಶೋಧನೆ ಎಲ್ಲ ನಮ್ಮಂಥವರಿಗೆ ಇನ್ನಷ್ಟು ಬೈಯೋಕೇ ಅಲ್ವಾ?
— ಹೆಸರು ಬೇಡ, ರಾಮನಗರ

ಉತ್ತರ: ತಂಗಿ, ನೀವು ನಿಲ್ಲಿಸಲಿಲ್ಲ, ನಿಲ್ಲೋ ಹಾಗೆ ಆಯ್ತು. ಬಾವಿಯಲ್ಲಿ ಸೇದಿದಷ್ಟೂ ನೀರು ಊರೋ ಹಾಗೆ ಎದೆಹಾಲು, ಮಗು ಚೀಪಿದಷ್ಟು ಉತ್ಪತ್ತಿ. ಪಾಳಿಯಲ್ಲಿ ಎಂಟು ಒಂಬತ್ತು ಗಂಟೆ ಮಗು ದೂರ ಇದ್ದು, ಹಿಂಡೋಕೂ ಜಾಗ ಇಲ್ಲದೆ ಹೋದ್ರೆ ಯಾರಿಗಾದ್ರೂ ಕಡಿಮೆ ಆಗುತ್ತೆ, ಕಡಿಮೆ ಆಯ್ತು ಅಂತ ಬಾಟಲಿ ಕೊಟ್ರೆ ಮಗು ಚೀಪೋದು ಇನ್ನೂ ಕಮ್ಮಿ, ಹಾಲು ಇನ್ನೂ ಕಮ್ಮಿ. ಮಾಡೆಲ್ ಮಾಡೋರು ಈ ಸುತ್ತನ್ನೇ ಕಂಪ್ಯೂಟರಿಗೆ ಬರೆಯೋದು, ಅದರಲ್ಲಿ ತಾಯಿಯ ಮನಸ್ಸು ಎಷ್ಟೇ ಗಟ್ಟಿ ಅಂತ ಇಟ್ರೂ ರಜೆ ಇಲ್ಲದಿದ್ರೆ ಹಾಲು ನಿಲ್ಲೋ ಸಾಧ್ಯತೆ ಹೆಚ್ಚು. ಹಾಗಾಗಿ ಈ ಸಂಶೋಧನೆ ಸರಿಯಾಗಿ ಮಾಡಿದ್ರೆ ನಿಮ್ಮ ಪರವಾಗೇ ಮಾತಾಡುತ್ತೆ. ಅಮೆರಿಕದಲ್ಲೂ ಸಿಡಿಸಿ ಅನ್ನೋ ಅಲ್ಲಿನ ಸರ್ಕಾರಿ ಆರೋಗ್ಯ ಸಂಸ್ಥೆಯ 2014ರ ವರದಿ ಪ್ರಕಾರ ಕಪ್ಪು ಜನ ಹೆಚ್ಚಿರೋ ಪ್ರದೇಶದ ಆಸ್ಪತ್ರೆಗಳಲ್ಲಿ ಹಾಲುಣಿಸೋಕೆ ಬೇಕಾದ ಶಿಫಾರಸಿನ ಕ್ರಮಗಳು ಕಡಿಮೆ ನಡೀತಿದ್ವು, ಅಂದ್ರೆ ಆ ತಾಯಂದಿರಿಗೆ ಆಸಕ್ತಿ ಇಲ್ಲ ಅಂತ ಸುಮ್ನೆ ಹೇಳೋಕಾಗಲ್ಲ.

ನಮ್ಮಲ್ಲಿ 2017ರ ತಿದ್ದುಪಡಿ ಆದ ಮೇಲೆ ಮೊದಲ ಎರಡು ಮಕ್ಕಳಿಗೆ 26 ವಾರ ಸಂಬಳದ ರಜೆ, 50 ಜನ ಇಲ್ಲ ಅದಕ್ಕಿಂತ ಹೆಚ್ಚು ಇರೋ ಕಡೆ ಮಕ್ಕಳನ್ನ ನೋಡ್ಕೊಳ್ಳೋ ಕ್ರೆಶ್, ದಿನಕ್ಕೆ 4 ಸಲ ಹೋಗಿ ಮಗುನ ನೋಡ್ಕೊಂಡು ಬರೋ ಹಕ್ಕು ಇದೆ. ಮುಂದೆ ನಿಮಗೋ ಪಕ್ಕದ ಮಷಿನ್‌ನ ಅಕ್ಕನಿಗೋ ಬೇಕಾಗಬಹುದು, ಕೇಳಿ ಪಡ್ಕೊಳ್ಳಿ. ಮೂರು ವರ್ಷದ ಮಗುಗೆ ನೆಗಡಿ ಬರೋದು ಮಾಮೂಲಿ, ಆ ಮಾತನ್ನ ಮನಸ್ಸಿಗೆ ಹಚ್ಕೋಬೇಡಿ.

ಪ್ರಶ್ನೆ: ನಾನು ಆಶಾ ಕಾರ್ಯಕರ್ತೆ. ಎಷ್ಟು ಹೇಳಿದ್ರೂ ಹುಟ್ಟಿದ ಕೂಸಿಗೆ ಜೇನುತುಪ್ಪ, ಸಕ್ಕರೆ ನೀರು ನೆಕ್ಕಿಸೋದು ನಿಂತಿಲ್ಲ. ಈ ಸಿಮ್ಯುಲೇಶನ್ ನಮ್ಮ ಕೆಲಸಕ್ಕೂ ಉಪಯೋಗ ಆಗುತ್ತಾ?
— ಕೊಪ್ಪಳ ಜಿಲ್ಲೆ

ಉತ್ತರ: ಅಮೆರಿಕದ ಮಾಡೆಲ್ ತಂದು ಇಲ್ಲಿ ಓಡಿಸಿದ್ರೆ ಆಗಲ್ಲ, ಹೊಸದಾಗಿ ಕಟ್ಟಬೇಕು, ಕಟ್ಟೋರು ಮೊದಲು ನಿಮ್ಮ ಹತ್ರ ಬರಬೇಕು. ಅಲ್ಲಿ ಯಾರು ಏನೇ ಹೇಳಿದ್ರೂ ಕೊನೆ ನಿರ್ಧಾರ ತಾಯಿಯದ್ದೇ ಅನ್ನೋ ಹಾಗೆ ಹೆಚ್ಚಾಗಿ ಬರೆದಿರ್ತಾರೆ. ನಮ್ಮಲ್ಲಿ ಮೊದಲ ಗುಟುಕು ಏನು ಅನ್ನೋದನ್ನ ಅಜ್ಜಿನೋ ಅತ್ತೆನೋ ಹೇಳ್ತಾರೆ, ಅವರನ್ನೂ ಮಾಡೆಲ್ ಒಳಗೆ ಕೂರಿಸಬೇಕು.

ನಿಮ್ಮ ಭೇಟಿ ದಿನಗಳನ್ನೇ ನೋಡಿ. ಆಸ್ಪತ್ರೆ ಹೆರಿಗೆ ಆದ್ರೆ 3, 7, 14, 21, 28, 42ನೇ ದಿನ. ಜೇನುತುಪ್ಪ ನೆಕ್ಕಿಸೋದು ಮೊದಲ ದಿನವೇ ಮುಗಿದಿರುತ್ತೆ, ನೀವು ಹೋಗೋದು ಮೂರನೇ ದಿನ. ಅಂದ್ರೆ ಆ ಮಾತು ಹೆರಿಗೆಗೆ ಮುಂಚೆ, ಎಂಟನೇ ಒಂಬತ್ತನೇ ತಿಂಗಳ ಭೇಟಿಯಲ್ಲಿ, ಗರ್ಭಿಣಿಗೆ ಹೇಳೋದರ ಜೊತೆಗೆ ಮನೇಲಿ ಕೂಸನ್ನ ಮೊದಲು ಎತ್ಕೊಳ್ಳೋ ಹಿರಿಯರನ್ನ ಕೂರಿಸ್ಕೊಂಡು ಹೇಳಬೇಕು. ಮೂರನೇ ದಿನದ ಭೇಟಿ 'ಹಾಲು ಸಾಲ್ತಿಲ್ಲ' ಅನ್ನೋ ಭಯಕ್ಕೆ ಸರಿಯಾದ ಹೊತ್ತು. ಅವತ್ತು ಮಾತಿಗಿಂತ ಹಾಲುಣಿಸೋದನ್ನ ಕಣ್ಣಾರೆ ನೋಡಿ, ಕೂಸು ತೊಟ್ಟು ಮಾತ್ರ ಹಿಡಿದಿದ್ಯಾ ಇಲ್ಲ ಬಾಯಿ ಅಗಲ ಮಾಡಿ ಸುತ್ತಲಿನ ಕಪ್ಪು ಭಾಗವನ್ನೂ ಹಿಡಿದಿದ್ಯಾ, ಗದ್ದ ಎದೆಗೆ ತಾಗಿದ್ಯಾ. ವಾರ ತುಂಬೋ ಹೊತ್ತಿಗೆ ದಿನಕ್ಕೆ ಆರು ಸಲವಾದ್ರೂ ಉಚ್ಚೆ ಮಾಡಿ, ತೂಕ ಏರ್ತಿದ್ರೆ ಹಾಲು ಸಾಲ್ತಿದೆ ಅಂತ ಅಜ್ಜಿಗೆ ತೋರಿಸಿ. ಢಾಕಾದಲ್ಲಿ ತರಬೇತಿ ಪಡೆದ ಅಲ್ಲಿನ ತಾಯಂದಿರೇ 15 ಸಲ ಮನೆಗಳಿಗೆ ಹೋಗಿ ಇಂಥದ್ದನ್ನೇ ಮಾಡಿದ್ರು. ಐದನೇ ತಿಂಗಳಿಗೆ ಎದೆಹಾಲು ಮಾತ್ರ ಕೊಡೋರು ಶೇ. 70 ಇದ್ರು, ಭೇಟಿ ಇಲ್ಲದ ಕಡೆ ಶೇ. 6.

ನನಗೆ ನಿಜವಾಗ್ಲೂ ಚಿಂತೆ ಆಗೋದು 42ನೇ ದಿನದ ನಂತರದ್ದು. ಮುಂದಿನ ಭೇಟಿ ಇರೋದು ಮೂರನೇ ತಿಂಗಳಿಗೆ. ಈ ನಡುವೆ, ಇಲ್ಲ ಅದರ ಆಚೀಚೆ, ಬಾಣಂತಿ ತವರಿಂದ ಗಂಡನ ಮನೆಗೆ ಹೋಗ್ತಾಳೆ, ಕೆಲವರು ಹೊಲದ ಕೆಲಸಕ್ಕೆ ಇಳೀತಾರೆ, ಕೆಲವರು ಗುಳೆ ಹೋಗ್ತಾರೆ. ನಿಮ್ಮ ಊರಿನ ಪಟ್ಟಿಯಿಂದ ಹೋದವಳು ಇನ್ನೊಂದು ಊರಿನ ಆಶಾ ಪಟ್ಟಿಗೆ ಸೇರೋ ಹೊತ್ತಿಗೆ ಮೇಲುಹಾಲು ಶುರುವಾಗಿರೋ ಸಾಧ್ಯತೆ ಇದೆ. ಒಂದು ಭೇಟಿಯನ್ನ ಅಲ್ಲಿಗೆ ಸರಿಸಿದ್ರೆ ಎಷ್ಟು ತಾಯಂದಿರು ಉಳೀತಾರೆ, ಇಲ್ಲ ನೀವು ಆ ಊರಿನ ಆಶಾಗೆ ಒಂದು ಫೋನ್ ಮಾಡಿ ಒಪ್ಪಿಸಿದ್ರೆ ಅದೇ ಸಾಕಾ, ಇದು ಸಿಮ್ಯುಲೇಶನ್‌ನಲ್ಲಿ ನೋಡೋಕೆ ತಕ್ಕ ಪ್ರಶ್ನೆ. ಅದಕ್ಕೆ ಬೇಕಾದ ಮಾಹಿತಿ ನಿಮ್ಮ ಹತ್ರ ಮಾತ್ರ ಇರೋದು. ಡೈರಿಯಲ್ಲಿ ಪ್ರತಿ ಬಾಣಂತಿ ಹೆಸರಿನ ಮುಂದೆ ಮೂರು ವಿಷಯ ಬರೆದಿಡಿ: ಮೇಲುಹಾಲು ಶುರು ಮಾಡಿದ ದಿನ, ಅವತ್ತು ಅವಳು ಯಾರ ಮನೇಲಿದ್ಲು, ಹಾಲು ಸಾಲಲ್ಲ ಅಂತ ಮೊದಲು ಹೇಳಿದ್ದು ಯಾರು. ಜಿಲ್ಲೆಯ ಮೆಡಿಕಲ್ ಕಾಲೇಜಿನ ಸಮುದಾಯ ವೈದ್ಯಕೀಯ ವಿಭಾಗಕ್ಕೆ ನಿಮ್ಮ ಆರೋಗ್ಯ ಕೇಂದ್ರದ ವೈದ್ಯರ ಮೂಲಕ ಇದನ್ನ ತಲುಪಿಸಿ, ತಾಯಂದಿರ ಹೆಸರು ಮಾತ್ರ ತೆಗೆದು ಕೊಡಿ.